ಟ್ರೇಲರ್ ಕಥೆ: ಧೂಳಿನ ಲೆಕ್ಕ ಬಹುಪಾಲು ಚುಕ್ತಾ

ಕ್ಯಾಂಪಿಗೆ ಅಂತ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ನನ್ನ ಟ್ರೇಲರಿಗೆ ಹಿಂದಿನ ಬಾಗಿಲಿನಿಂದ ನುಗ್ಗುತ್ತಿದ್ದ ಧೂಳು ಕೊನೆಗೂ ಹತೋಟಿಗೆ ಬಂದಿದೆ. ಪೂರ್ತಿ ನಿಂತಿದೆ ಅಂತ ಹೇಳಲ್ಲ. ಆದರೆ ಈಗ ಅಡುಗೆ ಡಬ್ಬಿಗಳ ಮೇಲೆ ಬರೆದ ಹೆಸರನ್ನು ಒರೆಸದೆಯೇ ಓದಬಹುದು. ಮೊದಲು ಅವಲಕ್ಕಿ ತಿಂದರೂ ಹಲ್ಲಿನಡಿ ಕರಕರ, ಉಪ್ಪಿಟ್ಟು ತಿಂದರೂ ಕರಕರ.

ಛಾಸಿ, ಆಕ್ಸಲ್, ಕಮಾನು ಪಟ್ಟಿ, ವೈರಿಂಗ್ ಎಲ್ಲ ಮುಗಿದ ಕೆಲಸ. ಅದರಲ್ಲಿ ಹೊಸದಾಗಿ ಹೇಳುವಂಥದ್ದು ಏನಿಲ್ಲ. ಒಂದೇ ಮಾತು: ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲ, ನಮಗ್ಯಾಕೆ ನೋಂದಣಿ ಅಂತ ಯಾರೂ ಧೈರ್ಯ ಮಾಡಬೇಡಿ. ಕೆಎ 06 ಬೋರ್ಡ್ ಹಾಕಿಸಿಕೊಳ್ಳುವ ಕಥೆ ಶುರು ಮಾಡಿದರೆ ಧೂಳಿನ ಕಥೆಗೆ ಜಾಗ ಉಳಿಯಲ್ಲ, ಅದು ಇನ್ನೊಂದು ದಿನ.

ಪೆಟ್ಟಿಗೆಯ ಅಳತೆ 7 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, 4 ಅಡಿ ಎತ್ತರ. ಎಂಎಸ್ (ಮೆದು ಉಕ್ಕು) ಬಾಕ್ಸ್ ಪೈಪಿನ ಚೌಕಟ್ಟು, ಮೇಲೆ ಎಸಿಪಿ ಶೀಟ್, ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟ್. ಹಿಂದೆ ಮೇಲಕ್ಕೆ ಎತ್ತುವ ಬಾಗಿಲು, ಅದರೊಳಗೆ ಅಡುಗೆ ಮನೆ. ಮುಂದಿನ ಎಡಮೂಲೆಯಲ್ಲಿ 12 ವೋಲ್ಟ್ ಫ್ರಿಜ್. ಅದರ ಬಿಸಿ ಹೊರಗೆ ಹೋಗಲಿ ಅಂತ ಪಕ್ಕದ ಗೋಡೆಯಲ್ಲಿ ಒಂದು ಜಾಲರಿ. ಎಳೆಯುವುದು ಹಳೆಯ ಬೊಲೆರೊ.

ತುಮಕೂರಿನಿಂದ ಯಾವ ದಿಕ್ಕಿಗೆ ಹೊರಟರೂ ಧೂಳಿಗೆ ಮಾತ್ರ ಬರ ಇಲ್ಲ. ದೇವರಾಯನದುರ್ಗದ ಕಡೆ ಮರಗಳಿವೆ, ಅಲ್ಲಿ ಸ್ವಲ್ಪ ಪರವಾಗಿಲ್ಲ. ಹುಳಿಯಾರಿನಿಂದ ಬೋರನಕಣಿವೆ ಕಡೆ ಹೊಲದ ದಾರಿಗೆ ಇಳಿದರೆ ಕೆಂಪು ಮಣ್ಣು. ಅದು ಕಣ್ಣಿಗೆ ಕಾಣುವ ಧೂಳು, ಒರೆಸಿದರೆ ಹೋಗುತ್ತದೆ. ಮಧುಗಿರಿ ದಾಟಿ ಪಾವಗಡದ ಕಡೆ ಹೋದರೆ ಬೇಸಿಗೆಯಲ್ಲಿ ಏಳುವ ಧೂಳು ಬೇರೆ ಜಾತಿಯದು. ಅದು ಕೂರಲ್ಲ, ತೇಲುತ್ತದೆ. ಜಿಪ್ ಹಾಕಿದ ಚೀಲದೊಳಗಿನ ಟವೆಲಿಗೂ ಹೊಕ್ಕಿರುತ್ತದೆ.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದ್ದು: ಹಿಂದಿನ ಬಾಗಿಲಿಗೆ ಒಳ್ಳೆಯ ಬೀಡಿಂಗ್, ಅಂದರೆ ಸಂದಿ ಮುಚ್ಚುವ ಮೆತ್ತನೆಯ ಪಟ್ಟಿ. ಟೊಳ್ಳು ಇರುವ ಇಪಿಡಿಎಂ (ಬಿಸಿಲು ತಡೆಯುವ ಜಾತಿಯ) ರಬ್ಬರ್ ಬೇಕು ಅಂತ ಆರ್ಡರ್ ಹಾಕಿದೆ. ಬಂದಿದ್ದು ಹೊಳೆಯುವ ಪಿವಿಸಿ. ಅಂಗಡಿಯವನಿಗೆ ಫೋನ್ ಮಾಡಿದರೆ "ಎಲ್ಲಾ ಒಂದೇ ಸಾರ್, ನೀವು ಹಾಕಿ ನೋಡಿ" ಅಂದ. ಒಂದು ತುಂಡು ಕತ್ತರಿಸಿ ಬೆಂಕಿ ಕಡ್ಡಿ ಹಿಡಿದು ನೋಡಿ. ಪಿವಿಸಿ ಆದರೆ ಮೂಗಿಗೆ ಹೊಡೆಯುವ ಕಟು ವಾಸನೆ ಬರುತ್ತದೆ, ಬೆಂಕಿ ತೆಗೆದರೆ ಆರಿಹೋಗುತ್ತದೆ. ಇಪಿಡಿಎಂ ಆದರೆ ಕಪ್ಪು ಹೊಗೆ ಬಿಡುತ್ತಾ ಉರಿಯುತ್ತಲೇ ಇರುತ್ತದೆ. ಇಷ್ಟು ಗೊತ್ತಿದ್ದರೂ ಹಣ ವಾಪಸ್ ಬರಲಿಲ್ಲ, ಆ ಮಾತು ಬಿಡಿ. ನಮ್ಮ ಬಿಸಿಲಿಗೆ ಆ ಪಿವಿಸಿ ಬೇಸಿಗೆ ಮುಗಿಯುವ ಮೊದಲೇ ಗಟ್ಟಿಯಾಗಿ ಮೂಲೆಗಳಲ್ಲಿ ಬಿರುಕು ಬಿಟ್ಟಿತು.

ಆಮೇಲೆ ನಿಜವಾದ ಇಪಿಡಿಎಂ ತರಿಸಿದೆ. ಬಾಗಿಲು ಮುಚ್ಚಿದಾಗ ಬೀಡಿಂಗ್ ಮೂರನೇ ಒಂದು ಭಾಗದಷ್ಟು ಅದುಮಿಕೊಳ್ಳಬೇಕು ಅಂತ ಬೀಗಗಳನ್ನು ಬಿಗಿ ಮಾಡಿದೆ. ಸುತ್ತಲೂ ಪೇಪರ್ ಪಟ್ಟಿ ಸಿಕ್ಕಿಸಿ ಎಳೆದು ನೋಡಿದೆ, ಎಲ್ಲ ಕಡೆ ಹಿಡಿತ ಇತ್ತು. ರಾತ್ರಿ ಒಳಗೆ ಟ್ಯೂಬ್‌ಲೈಟ್ ಹಾಕಿ ಹೊರಗಿನಿಂದ ನೋಡಿದರೆ ಬೆಳಕಿನ ಗೆರೆಯೂ ಕಾಣಲಿಲ್ಲ. ಆದರೂ ಪಾವಗಡದ ಕಡೆ ಹೋಗಿಬಂದರೆ ಅದೇ ಕರಕರ.

ಆಗ ಬಿಳಿ ಬೆಡ್‌ಶೀಟ್ ಹಾಸಿ ಓಡಿಸಿ ನೋಡಿದೆ. (ಯಾವ ಬೆಡ್‌ಶೀಟ್ ಅಂತ ಮನೆಯಲ್ಲಿ ಆಮೇಲೆ ಗೊತ್ತಾಯಿತು.) ಹಿಂದಿನ ಎರಡು ಮೂಲೆಗಳಿಂದ ಧೂಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿತ್ತು. ಮುಂದಕ್ಕೆ ಬರುತ್ತಾ ತೆಳುವಾಗಿತ್ತು. ಆದರೆ ಎರಡೂ ಬೀಸಣಿಗೆಗಳು ನೇರ ಇರಲಿಲ್ಲ, ಎರಡೂ ಎಡಕ್ಕೆ ವಾಲಿದ್ದವು. ಫ್ರಿಜ್ಜಿನ ಕಡೆಗೆ. ಜಾಲರಿಯ ಹತ್ತಿರ ಮಾತ್ರ ಬಟ್ಟೆ ಚೊಕ್ಕ ಬಿಳಿ.

ಇಲ್ಲಿ ತಲೆ ಕೆರೆದುಕೊಳ್ಳಬೇಕಾಯಿತು. ಸುಮಾರು ಜನ ಕೊಡುವ ವಿವರಣೆ ನಿಮಗೂ ಗೊತ್ತು. ಗಾಡಿ ಓಡುವಾಗ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಮ್ಮಿ, ಅದಕ್ಕೇ ಧೂಳು ಒಳಗೆ ಬರುತ್ತದೆ ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಗಾಳಿ ಹೋಗುವುದು ಒತ್ತಡ ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ. ಹಿಂದೆ ಕಮ್ಮಿ ಇದ್ದರೆ ಒಳಗಿನ ಗಾಳಿ ಹೊರಗೆ ಹೋಗಬೇಕು. ಹೊರಗಿನದು ಒಳಗೆ ಯಾಕೆ ಬರುತ್ತದೆ? ಬರಬೇಕಾದರೆ ಪೆಟ್ಟಿಗೆಯ ಒಳಗೆ ಇನ್ನೂ ಕಮ್ಮಿ ಇರಬೇಕು. ಅಂದರೆ ಇನ್ನೊಂದು ಜಾಗದಿಂದ ಒಳಗಿನ ಗಾಳಿ ಸೋರಿ ಹೋಗುತ್ತಿದೆ.

ಪಾವಗಡ ರೂಟಿನ ಖಾಸಗಿ ಬಸ್ಸಿನಲ್ಲಿ ಕಡೇ ಸೀಟಿನಲ್ಲಿ ಕೂತು ಬಂದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂದಿನ ಕಿಟಕಿಗಳು ತೆಗೆದಿದ್ದರೆ ಧೂಳು ಹಿಂದಿನಿಂದ ಹೊಕ್ಕು ಮುಂದಕ್ಕೆ ನಡೆಯುತ್ತದೆ. ಗಾಳಿ ಬಸ್ಸಿನ ಮುಂಭಾಗದ ಮೂಲೆ ಸುತ್ತಿ ಪಕ್ಕಕ್ಕೆ ತಿರುಗುತ್ತದಲ್ಲ, ಅಲ್ಲಿ ಎಳೆತ ಜೋರು. ಹಿಂಭಾಗದಲ್ಲೂ ಎಳೆತ ಇದೆ, ಅಷ್ಟಿಲ್ಲ. ಮುಂದಿನ ಕಿಟಕಿ ಗಾಳಿಯನ್ನು ಹೊರಗೆ ಎಳೆಯುತ್ತದೆ, ಹಿಂದಿನ ಸಂದಿಗಳಿಂದ ಅದು ತುಂಬಿಕೊಳ್ಳುತ್ತದೆ. ಚಕ್ರ ಎಬ್ಬಿಸಿದ ಧೂಳೆಲ್ಲ ಹಿಂದೆಯೇ ಇರುವುದರಿಂದ ಒಳಗೆ ಬರುವುದು ಧೂಳಿನ ಗಾಳಿ. ನನ್ನ ಫ್ರಿಜ್ ಜಾಲರಿ ಇರುವುದು ಸರಿಯಾಗಿ ಆ ಮುಂದಿನ ಮೂಲೆಯಲ್ಲಿ. ಅಲ್ಲಿ ಧೂಳೇ ಇರಲ್ಲ, ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರಲ್ಲ.

ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ, ಅಳೆಯಬೇಕು. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬ್ ಕಡ ತಂದೆ. ಅದಕ್ಕೆ ಇಂಕು ಕಲೆಸಿದ ನೀರು. ಒಂದು ತುದಿ ಪೆಟ್ಟಿಗೆಯ ಒಳಗೆ, ಇನ್ನೊಂದು ತುದಿ ಹಿಂದಿನ ಬಾಗಿಲಿನ ಹೊರಮೈಗೆ ಟೇಪ್ ಹಾಕಿ ಅಂಟಿಸಿದ್ದು. ನಡುವಿನ ಭಾಗ ಬೊಲೆರೊ ಒಳಗೆ, ಹಲಗೆಯ ಮೇಲೆ. ಎರಡು ತುದಿಗಳ ಗಾಳಿಯ ಒತ್ತಡ ಬೇರೆ ಬೇರೆ ಇದ್ದರೆ ನೀರು ಒತ್ತಡ ಕಮ್ಮಿ ಇರುವ ಕಡೆಗೆ ಏರುತ್ತದೆ, ಆ ಏರಿಕೆಯೇ ಅಳತೆ. ಹಲಗೆಗೆ ಹತ್ತಕ್ಕೆ ಒಂದರಷ್ಟು ಇಳಿಜಾರು ಕೊಟ್ಟರೆ 1 ಮಿಲಿಮೀಟರ್ ನೀರಿನ ವ್ಯತ್ಯಾಸ ಟ್ಯೂಬಿನ ಉದ್ದಕ್ಕೆ 10 ಮಿಲಿಮೀಟರ್ ಆಗಿ ಕಾಣುತ್ತದೆ. ಹಲಗೆಯನ್ನು ಗಾಡಿಗೆ ಅಡ್ಡವಾಗಿ ಇಡಿ. ಉದ್ದಕ್ಕೆ ಇಟ್ಟರೆ ಬ್ರೇಕ್ ಒತ್ತಿದಾಗಲೆಲ್ಲ, ಏರು ಬಂದಾಗಲೆಲ್ಲ ನೀರು ಓಡುತ್ತದೆ.

ಓದುವ ಕೆಲಸ ಬಾಮೈದನಿಗೆ. "ಭಾವ, ಇದು ಕುಣೀತಾ ಇದೆ, ಯಾವುದನ್ನ ಬರ್ಕೊಳ್ಳಲಿ?" ಅಂತ ದಾರಿಯುದ್ದಕ್ಕೂ ಗೊಣಗಿದ. ಶಿರಾ ಕಡೆ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಸಮತಟ್ಟು ಜಾಗದಲ್ಲಿ, 40ರ ವೇಗದಲ್ಲಿ ನೀರು ಒಂದು ಕಡೆ ನಿಂತಿತು. ಪೆಟ್ಟಿಗೆಯ ಒಳಗೆ ಹಿಂದಿನ ಬಾಗಿಲಿನ ಹೊರಗಿಗಿಂತ 2 ಮಿಲಿಮೀಟರ್ ನೀರಿನಷ್ಟು ಕಮ್ಮಿ. ಗಾಡಿ ನಿಲ್ಲಿಸಿ ಜಾಲರಿಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಅದೇ ರಸ್ತೆಯಲ್ಲಿ ವಾಪಸ್ ಬಂದೆವು. ನೀರು ಸೊನ್ನೆಯ ಆಚೀಚೆ ಅಲ್ಲಾಡುತ್ತಿತ್ತು, ಅಷ್ಟೇ. ಜಾಲರಿಗೆ ಗಾಳಿಪಟದ ಕಾಗದದ ಪಟ್ಟಿ ಅಂಟಿಸಿ ಫೋನಿನಲ್ಲಿ ವಿಡಿಯೊ ಕೂಡ ಮಾಡಿದೆ. ಪ್ಲಾಸ್ಟಿಕ್ ತೆಗೆದಾಗ ವೇಗ ಏರಿದ ಹಾಗೆ ಕಾಗದ ಜಾಲರಿಗೆ ಅಂಟಿಕೊಂಡು, ಆಮೇಲೆ ತೂತಿನೊಳಗಿಂದ ಹೊರಗೆ ನಾಲಗೆ ಚಾಚುತ್ತದೆ. ಬೀಡಿಂಗ್ ಅಂಗಡಿಗೆ ಸುರಿದ ದುಡ್ಡನ್ನೆಲ್ಲ ಆ ನಾಲಗೆ ಅಣಕಿಸಿದ ಹಾಗಿತ್ತು.

ಫ್ರಿಜ್ಜಿಗೆ ಗಾಳಿ ಬೇಡ ಅಂತಲ್ಲ. ಅದರ ಸುತ್ತ ಅಲ್ಯೂಮಿನಿಯಂ ಶೀಟಿನ ಬೇರೆ ಗೂಡು ಕಟ್ಟಿ, ಒಳಗಿನ ಕೋಣೆಗೆ ಸಂಬಂಧ ಇಲ್ಲದ ಹಾಗೆ ಪಿಯು ಸೀಲೆಂಟ್ (ಸಂದಿ ಮುಚ್ಚುವ ಪಾಲಿಯುರೆಥೇನ್ ಅಂಟು) ಹಾಕಿ ಮುಚ್ಚಿದೆ. ಅದು ಈಗ ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುತ್ತದೆ. ಗ್ಯಾಸ್ ಸಿಲಿಂಡರ್ ಗೂಡು ಮೊದಲಿನಿಂದಲೂ ಹಾಗೇ ಇದೆ. ಧೂಳಿನ ಸಿಟ್ಟಿನಲ್ಲಿ ದಯವಿಟ್ಟು ಸಿಲಿಂಡರ್ ಗೂಡಿನ ತಳದ ತೂತು ಮುಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಹೋಗಲು ಅದಕ್ಕೆ ಇರುವುದು ಆ ತೂತು ಒಂದೇ.

ಸೊನ್ನೆಗೆ ಬಂದರೆ ಸಾಲದು. ಕುಲುಕಾಟದಲ್ಲಿ ಬಾಗಿಲು ಒಂದು ಕೂದಲೆಳೆ ಅಲ್ಲಾಡಿದರೂ ಧೂಳು ನುಸುಳುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಸದಾ ಸ್ವಲ್ಪ ಜಾಸ್ತಿ ಇರಬೇಕು, ಅದೂ ಸೋಸಿದ ಗಾಳಿಯಿಂದ. ಕೆಲವರು ಚಾವಣಿಯ ಮೇಲೆ ಮುಂದಕ್ಕೆ ಬಾಯಿ ತೆರೆದ ಗೂಡು ಇಡುತ್ತಾರೆ. ಗಾಡಿ ಓಡಿದರೆ ಗಾಳಿ ತಾನೇ ನುಗ್ಗುತ್ತದೆ ಅನ್ನುವ ಲೆಕ್ಕ. 60ರ ವೇಗದಲ್ಲಿ ಸುಮಾರು 17 ಮಿಲಿಮೀಟರ್ ನೀರಿನಷ್ಟು ಒತ್ತಡ ಸಿಗುತ್ತದೆ, ಚೆನ್ನಾಗಿದೆ. 30ಕ್ಕೆ ಬಂದರೆ 4. ಹೊಲದ ದಾರಿಯಲ್ಲಿ 15ರಲ್ಲಿ ತೆವಳುವಾಗ 1. ವೇಗ ಅರ್ಧ ಆದರೆ ಒತ್ತಡ ಕಾಲು ಭಾಗ. ಆ ಒಂದು ಮಿಲಿಮೀಟರನ್ನು ಫಿಲ್ಟರೇ ನುಂಗಿಬಿಡುತ್ತದೆ. ಸಾಲದ್ದಕ್ಕೆ ಬೊಲೆರೊ ಬೆನ್ನ ಹಿಂದೆ ಟ್ರೇಲರಿಗೆ ನೇರ ಗಾಳಿಯೂ ಸಿಗಲ್ಲ. ನಮ್ಮ ದಾರಿಗಳಿಗೆ ಫ್ಯಾನ್ ಬೇಕೇ ಬೇಕು.

ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನ ಎಸಿ ಬ್ಲೋವರ್ ಸಿಕ್ಕಿತು. "ಒಂದು ಕೊಡಲ್ಲ ಸಾರ್, ಜೋಡಿ ತಗೊಳ್ಳಿ, ಇನ್ನೊಂದು ಯಾತಕ್ಕಾದ್ರೂ ಆಗುತ್ತೆ" ಅಂದರು. ಅದು ನಿಜ. ಎರಡನೆಯದು ಯಾತಕ್ಕೆ ಅಂತ ಮನೆ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿತ್ತು: ಕರಟದ ಒಲೆ. ತಿಪಟೂರು ಇಷ್ಟು ಹತ್ತಿರ ಇಟ್ಟುಕೊಂಡು, ಕೊಬ್ಬರಿ ಸುಲಿದ ಕರಟ ರಾಶಿ ಬಿದ್ದಿರುವಾಗ, ಕ್ಯಾಂಪಿಗೆ ಗ್ಯಾಸ್ ಹೊತ್ತುಕೊಂಡು ಹೋಗುವುದು ಯಾಕೆ? ಎರಡು ಡಬ್ಬಿ ಒಂದರೊಳಗೊಂದು. ಕರಟ ತುಂಬಿ ಮೇಲಿನಿಂದ ಹಚ್ಚುವುದು. ಕೆಳಗಿನಿಂದ ಸ್ವಲ್ಪ ಗಾಳಿ, ಕರಟ ಬಿಡುವ ಅನಿಲ ಮೇಲೆ ಏರಿದಾಗ ಬಾಯಿಯ ಸುತ್ತಲ ತೂತುಗಳಿಂದ ಇನ್ನಷ್ಟು ಗಾಳಿ. ಹೊಗೆ ಬರಬೇಕಾದದ್ದು ಉರಿಯಾಗುತ್ತದೆ, ಕೊನೆಗೆ ಇದ್ದಿಲು ಉಳಿಯುತ್ತದೆ, ಅದು ಮರುದಿನದ ರೊಟ್ಟಿಗೆ. ಇಂಗಾಲದ ಮಾನಾಕ್ಸೈಡ್ ಇರುತ್ತದೆ, ಹಾಗಾಗಿ ಒಲೆ ಟ್ರೇಲರಿನಿಂದ ಹೊರಗೆ, ದೂರ. ಡಬ್ಬಿಗಳನ್ನು ಆಗಲೇ ಎತ್ತಿಟ್ಟಿದ್ದೇನೆ. ಇರಲಿ, ಧೂಳಿಗೆ ಬರೋಣ.

ಬ್ಲೋವರ್ ಗಾಳಿ ಎಳೆಯುವುದು ಎಲ್ಲಿಂದ? ಬೊಲೆರೊ ಚಕ್ರ ಎಬ್ಬಿಸಿದ ಧೂಳು ನೇರ ಟ್ರೇಲರಿನ ಮೂಗಿಗೇ ಬರುತ್ತದೆ. ಹಾಗಾಗಿ ಗಾಳಿ ಎಳೆಯುವ ಪೈಪಿನ ಬಾಯಿ ಬೊಲೆರೊ ಚಾವಣಿಗಿಂತ ಮೇಲೆ ಇರಬೇಕು. ಅದರ ತುದಿಗೆ ಟ್ರಾಕ್ಟರಿನ ಏರ್ ಕ್ಲೀನರ್ ಮೇಲೆ ಕೂರುವ ಪ್ರಿ-ಕ್ಲೀನರ್ ಬಟ್ಟಲು. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಬಟ್ಟಲಿನ ಗೋಡೆಗೆ ಎಸೆಯುತ್ತದಲ್ಲ, ಅದೇ. 45 ಎಚ್‌ಪಿ ಟ್ರಾಕ್ಟರ್ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಲೀಟರಿಗೂ ಜಾಸ್ತಿ ಗಾಳಿ ಎಳೆಯುತ್ತದೆ, ನನ್ನ ಬ್ಲೋವರಿಗೆ ಅದು ಧಾರಾಳ ಸಾಕು. ಸ್ಪೇರ್ ಅಂಗಡಿಯಲ್ಲಿ "ಬಟ್ಟಲೊಂದೇ ಬರಲ್ಲ, ಪೂರ್ತಿ ಸೆಟ್ ತಗೊಳ್ಳಿ" ಅಂತ ಸತಾಯಿಸಿದರು. ಕೊನೆಗೆ ಬಟ್ಟಲು ಸಿಕ್ಕಿದ್ದು ಊರಿನ ಚಿಕ್ಕಪ್ಪನ ಹಳೆಯ ಟ್ರಾಕ್ಟರಿನಿಂದ. ಬಟ್ಟಲಿನ ಕೆಳಗೆ ಕಾರಿನ ಕ್ಯಾಬಿನ್ ಫಿಲ್ಟರ್, ಆಮೇಲೆ ಬ್ಲೋವರ್. ಬ್ಲೋವರನ್ನು ಒಂದನೇ ಸ್ಪೀಡಿನಲ್ಲಿ ಇಟ್ಟರೆ ಗಾಳಿ ಬಟ್ಟಲಿನಲ್ಲಿ ಸರಿಯಾಗಿ ಸುತ್ತಲ್ಲ, ಧೂಳೆಲ್ಲ ಫಿಲ್ಟರಿಗೆ ಇಳಿಯುತ್ತದೆ. ಎರಡನೆಯದು ಸರಿ.

ಇದರ ಇನ್ನೊಂದು ಲಾಭ ಅಂದುಕೊಂಡಿರಲಿಲ್ಲ. ನಿಂತಲ್ಲೇ ಬ್ಲೋವರ್ ಜೋರಾಗಿ ಹಾಕಿ, ಸೋಪು ನೀರು ಬಳಿಯುತ್ತಾ ಸುತ್ತು ಹೊಡೆದರೆ ಸೋರುವ ಜಾಗವೆಲ್ಲ ತಾನೇ ಗುಳ್ಳೆ ಎಬ್ಬಿಸಿ ತೋರಿಸುತ್ತದೆ. ಟೈಲ್ ಲ್ಯಾಂಪ್ ವೈರಿನ ತೂತು, ಚಕ್ರದ ಮೇಲಿನ ಮಡಿಕೆಯ ಮೂಲೆ, ಇವೆರಡು ನಿರೀಕ್ಷೆ ಇದ್ದದ್ದೇ. ದಂಗಾಗಿದ್ದು ಛಾಸಿಯ ಬಾಕ್ಸ್ ಪೈಪಿನ ಹಿಂದಿನ ತುದಿಯಲ್ಲಿ ಗುಳ್ಳೆ ಬಂದಾಗ. ನೆಲದ ಪ್ಲೈವುಡ್ ಕೂರಿಸಿದ ಸ್ಕ್ರೂ ತೂತುಗಳಿಂದ ಗಾಳಿ ಪೈಪಿನೊಳಗೆ ಇಳಿದು, ಅಲ್ಲಿಂದ ತುದಿಯವರೆಗೆ ಹೋಗುತ್ತಿತ್ತು. ಧೂಳು ಬರುತ್ತಿದ್ದದ್ದೂ ಅದೇ ದಾರಿಯಲ್ಲಿ, ಹಾಸಿಗೆಯ ಕೆಳಗೆ ನೇರವಾಗಿ! ತುದಿಗಳಿಗೆ ಕ್ಯಾಪ್ ಹಾಕಿಸಿದೆ, ಸ್ಕ್ರೂಗಳಿಗೆ ಸೀಲೆಂಟ್ ಹಚ್ಚಿದೆ. ನೀರು ನಿಂತು ತುಕ್ಕು ಹಿಡಿಯದಿರಲಿ ಅಂತ ಪೈಪಿನ ಕೆಳಮೈಯಲ್ಲಿ ಒಂದು ಸಣ್ಣ ತೂತು ಮಾತ್ರ ಬಿಟ್ಟಿದೆ.

ಮತ್ತೆ ಟ್ಯೂಬು, ಮತ್ತೆ ಬಾಮೈದ. ಬ್ಲೋವರ್ ಎರಡರಲ್ಲಿ ಇಟ್ಟರೆ ಈಗ ಒಳಗೆ 3 ಮಿಲಿಮೀಟರ್ ಜಾಸ್ತಿ, ಗಾಡಿ ತೆವಳಿದರೂ ಅಷ್ಟೇ, 40ರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಪಾವಗಡದ ಆಚೆ ತಿರುಮಣಿ ಕಡೆ ಸೋಲಾರ್ ಪಾರ್ಕಿನ ಸುತ್ತಲ ಮಣ್ಣು ದಾರಿಗಳಲ್ಲಿ ಓಡಿಸಿ ಬಂದೆವು. ಅವರದು 2050 ಮೆಗಾವ್ಯಾಟ್, ನನ್ನ ಚಾವಣಿಯ ಮೇಲೆ ಇರುವುದು ಎರಡು ಪ್ಯಾನೆಲ್. ಧೂಳು ಒರೆಸುವ ಕೆಲಸ ಮಾತ್ರ ಇಬ್ಬರಿಗೂ ತಪ್ಪಿದ್ದಲ್ಲ. ಒಳಗೆ ಬೆಡ್‌ಶೀಟಿನ ಬಲ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಮಸುಕು, ಉಳಿದದ್ದು ಚೊಕ್ಕ. ಅಲ್ಲಿ ಬಾಗಿಲಿನ ಮೂಲೆ ಸ್ವಲ್ಪ ಸೊಟ್ಟ ಇದೆ, ಒಂದು ಬೀಗ ಜಾಸ್ತಿ ಹಾಕಿದರೆ ಸರಿಹೋಗಬಹುದು.

ಉಳಿದ ತಲೆನೋವು ಆ ಎತ್ತರದ ಪೈಪು. ತಿರುಮಣಿಯಿಂದ ಬರುವಾಗ ಹುಣಸೆ ಕೊಂಬೆ ತಗುಲಿ ಬಟ್ಟಲು ಹಾರಿ ಹೊಲಕ್ಕೆ ಬಿತ್ತು, ಪುಣ್ಯಕ್ಕೆ ಒಡೆಯಲಿಲ್ಲ. ಬುಡದಲ್ಲಿ ಸ್ಪ್ರಿಂಗ್ ಇಟ್ಟು ಹಿಂದಕ್ಕೆ ಬಾಗಿ ಮತ್ತೆ ನಿಲ್ಲುವ ಹಾಗೆ ಮಾಡಬೇಕು. ಆದರೆ ಬಾಗುವ ಜಾಗದಲ್ಲಿ ಗಾಳಿ ಸೋರಬಾರದು, ಅಲ್ಲಿ ಸೋರಿದರೆ ಫಿಲ್ಟರಿಗಿಂತ ಮೊದಲೇ ಧೂಳು ಹೊಕ್ಕು ಫಿಲ್ಟರ್ ಬೇಗ ಕಟ್ಟುತ್ತದೆ. ಲಾರಿಯ ರೇಡಿಯೇಟರ್ ಹೋಸ್‌ಪೈಪ್ ಒಂದು ತುಂಡು ಹಾಕಿ ನೋಡುವ ಅಂದಾಜಿದೆ. 63 ಮಿಲಿಮೀಟರ್ ಒಳಅಳತೆಯದು ಯಾರ ಹತ್ತಿರವಾದರೂ ಬಿದ್ದಿದ್ದರೆ ಹೇಳಿ, ಅಂಗಡಿಯಲ್ಲಿ ಕೇಳಿದರೆ ಪೂರ್ತಿ ಸೆಟ್ ತಗೊಳ್ಳಿ ಅನ್ನುತ್ತಾರೆ.