ಹೋಗೋದಲ್ಲ, ಬರೋದೇ ಕಷ್ಟ

ಚಂದ್ರನತ್ತ ರಾಕೆಟ್ ಮೇಲೇಳೋದನ್ನ ಎಲ್ಲರೂ ಕಣ್ಣು ಮಿಟುಕಿಸದೆ ನೋಡ್ತಾರೆ. ನನಗೆ ಮಾತ್ರ ಎದೆ ಢವಢವ ಅನ್ನೋದು ವಾಪಸ್ ಬರುವಾಗ.

ಬಾಹ್ಯಾಕಾಶ ನಿಲ್ದಾಣದಿಂದ ಬರುವ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಚಂದ್ರನಿಂದ ಬಂದರೆ ಸುಮಾರು 11. ಅಂತರ ಸಣ್ಣದು ಅನ್ಸುತ್ತೆ, ಆದ್ರೆ ಗಾಳಿಯಲ್ಲಿ ಕಳೆದುಕೊಳ್ಳಬೇಕಾದ ಶಕ್ತಿ ಹತ್ತಿರಹತ್ತಿರ ಎರಡು ಪಟ್ಟು!

2022ರ ಡಿಸೆಂಬರ್ 11ರಂದು ನಾಸಾದ ಚಂದ್ರಯಾತ್ರೆ ಆರ್ಟೆಮಿಸ್-1ರ ಒರಾಯನ್ ನೌಕೆ ಪೆಸಿಫಿಕ್ ಸಾಗರಕ್ಕೆ ಇಳಿದಾಗ ಒಳಗೆ ಮನುಷ್ಯರಿರಲಿಲ್ಲ, ಬರೀ ಬೊಂಬೆಗಳು. ಸದ್ಯ. ಇಳಿದಿದ್ದೇನೋ ಚೆನ್ನಾಗಿಯೇ. ಆಮೇಲೆ ನೋಡಿದ್ರೆ ಶಾಖ ಕವಚದ ಸುಟ್ಟ ಪದರ ನೂರಕ್ಕೂ ಹೆಚ್ಚು ಕಡೆ ಕಿತ್ತುಹೋಗಿತ್ತು. ನೌಕೆ ವಾತಾವರಣಕ್ಕೆ ಒಮ್ಮೆ ಇಳಿದು, ಕೆರೆ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ಮೇಲೆದ್ದು, ಮತ್ತೆ ಇಳಿಯುತ್ತೆ. ನಡುವೆ ಕಾವು ತಗ್ಗಿದಾಗ ಕವಚದೊಳಗೆ ಹುಟ್ಟಿದ ಅನಿಲಕ್ಕೆ ಹೊರಬರೋ ದಾರಿಯೇ ಸಿಗಲಿಲ್ಲ. ಒತ್ತಡ ಏರಿತು, ಬಿರುಕು ಬಿಟ್ಟಿತು. ನೆಲದ ಮೇಲಿನ ಪರೀಕ್ಷೆಯಲ್ಲಿ ಇದಕ್ಕಿಂತ ಜೋರಾಗಿ ಕಾಯಿಸಿದ್ದರಂತೆ, ಅದಕ್ಕೇ ತೊಂದರೆ ಕಾಣಲಿಲ್ಲ! ಕಾವು ಕಡಿಮೆಯಾದದ್ದೇ ಎಡವಟ್ಟು ಅನ್ನೋದು ಯಾರಿಗೆ ತಾನೆ ಹೊಳೆಯುತ್ತೆ? ನಾಸಾ ಕಾರಣ ಹೇಳಿದ್ದು 2024ರ ಡಿಸೆಂಬರ್‌ನಲ್ಲಿ.

ಹಳೇ ಕಥೆ ಇನ್ನೊಂದಿದೆ. 1968ರಲ್ಲಿ ಸೋವಿಯತ್ ಒಕ್ಕೂಟದ ಜಾಂಡ್-5 ನೌಕೆ ಚಂದ್ರನನ್ನು ಸುತ್ತಿ ಬಂತು. ದಿಕ್ಕು ಹಿಡಿಯೋ ವ್ಯವಸ್ಥೆ ಕೈಕೊಟ್ಟು, ಕಡಿದಾದ ದಾರಿಯಲ್ಲಿ ನಮ್ಮ ಹಿಂದೂ ಮಹಾಸಾಗರಕ್ಕೆ ಬಿತ್ತು. ಒಳಗೆ ಎರಡು ಆಮೆಗಳಿದ್ದವು. ಬದುಕಿ ಬಂದವು, ತೂಕ ಮಾತ್ರ ಸ್ವಲ್ಪ ಇಳಿದಿತ್ತಂತೆ.