78 ಸೀಟು, ಇಬ್ಬರು ಕ್ರ್ಯೂ, ಒಂದು ಕಾರ್ಟು

ಕಳೆದ ವಾರ ರಜೆಗೆ ಬದಿಯಡ್ಕದ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಮಾವ ಕೇಳಿದರು, "ಅಲ್ಲ ಮಾರಾಯ್ತಿ, ನಮ್ಮ ಕಾಸರಗೋಡು ಬಸ್ಸಲ್ಲಿ ಅಷ್ಟು ಜನಕ್ಕೆ ಒಬ್ಬ ಕಂಡಕ್ಟರ್. ನಿಮ್ಮ ಸಣ್ಣ ವಿಮಾನಕ್ಕೆ ಇಬ್ಬರು ಗಗನಸಖಿಯರು ಎಂತಕ್ಕೆ? ಒಂದು ಗಂಟೆಯ ದಾರಿ!" ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವಾಗಲೇ ಹದಿನೈದನೇ ಸಾಲಿನ ಅಮ್ಮ ನೆನಪಾದರು.

ಸಂಜೆಯ ಬೆಂಗಳೂರು–ಮಂಗಳೂರು, ಎಟಿಆರ್ ಅನ್ನುವ ಸಣ್ಣ ವಿಮಾನ. ಆ ದಿನದ ನಾಲ್ಕನೇ ಸೆಕ್ಟರ್, ಅಂದರೆ ನಾಲ್ಕನೇ ಹಾರಾಟ. ನಾನು ಲೀಡ್, ಅಂದರೆ ಇಬ್ಬರಲ್ಲಿ ಹಿರಿಯಳು. ಜೊತೆಗಿದ್ದ ಹುಡುಗಿ ತರಬೇತಿ ಮುಗಿಸಿ ಲೈನಿಗೆ ಬಂದು ಎರಡು ತಿಂಗಳಾಗಿತ್ತು. ಈಶಾನ್ಯದ ಕಡೆಯವಳು, ಕನ್ನಡ ಬಾರದು. ಬೋರ್ಡಿಂಗ್‌ನಲ್ಲಿ ಅರವತ್ತೈದು ದಾಟಿದ ಒಬ್ಬ ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹತ್ತಿದರು. "ಹುಷಾರುಂಟಾ ಅಮ್ಮಾ?" ಅಂದೆ. "ಎಂತ ಇಲ್ಲ ಮಗಾ, ಸೆಕೆ." ನಮ್ಮ ಕಡೆಯ ಮಾತು ಕೇಳಿ ಖುಷಿಯಾಯಿತು, ಅಷ್ಟೇ. ಮುಖ ಸರಿಯಾಗಿ ನೋಡಲಿಲ್ಲ.

ಈ ಸೆಕ್ಟರ್‌ನಲ್ಲಿ ಸರ್ವಿಸ್‌ಗೆ ಸಿಗುವುದು ಇಪ್ಪತ್ತೈದು ನಿಮಿಷ, ಅದೂ ಅದೃಷ್ಟ ಇದ್ದರೆ. ಸೇಲ್ಸ್ ಟಾರ್ಗೆಟ್ ಮಾತ್ರ ಎರಡು ಗಂಟೆಯ ಫ್ಲೈಟಿನದ್ದೇ. ಎಂಟನೇ ಸಾಲಿನಲ್ಲಿ ಒಬ್ಬರು ಗೋಡಂಬಿ ಡಬ್ಬಿ ಕೇಳಿದರು. ಕಾಸರಗೋಡಿನವಳು ಕಾಸರಗೋಡಿಗೆ ಹೋಗುವವರಿಗೇ ಗೋಡಂಬಿ ಮಾರುವುದು! ಕಾರ್ಡ್ ಮಷೀನ್ ಬೇರೆ ಸತಾಯಿಸುತ್ತಿತ್ತು. ಅಷ್ಟರಲ್ಲಿ ಹಿಂದೆ ಕಾಲ್ ಬೆಲ್. ಹುಡುಗಿ ಹಿಂದೆ ತಿರುಗಿ ನೋಡಿದಳು. "ಇರಲಿ, ಅಲ್ಲಿಗೇ ಬರ್ತಾ ಇದ್ದೇವಲ್ಲ" ಅಂದೆ. ಮತ್ತೆ ಬೆಲ್. ನೀರು ಬೇಕಿರಬಹುದು, ಬೇರೆ ಎಂತ ಅಂದುಕೊಂಡೆ. ಮಷೀನ್ ಆಫ್ ಮಾಡಿ ಆನ್ ಮಾಡಿದೆ.

ಮೂರನೇ ಸಲ ಬೆಲ್ ಬರಲಿಲ್ಲ. ಪಕ್ಕದ ಸೀಟಿನ ಹುಡುಗ ಎದ್ದು ನಿಂತು ಕೂಗಿದ. "ಅಕ್ಕಾ, ಇವರು ಮಾತಾಡ್ತಾ ಇಲ್ಲ!"

ಹುಡುಗಿ ತಿಂಡಿ ಗಾಡಿಯ, ಅಂದರೆ ಕಾರ್ಟಿನ, ಹಿಂಬದಿಯಲ್ಲಿದ್ದಳು, ಓಡಿದಳು. ನಾನು ಮುಂಬದಿಯಲ್ಲಿ. ಎಟಿಆರ್ ನಡುದಾರಿಯಲ್ಲಿ ಕಾರ್ಟ್ ನಿಂತರೆ ಬೆಕ್ಕೂ ದಾಟಲಾರದು. ಅಮ್ಮ ನಡುದಾರಿಯ ಕಡೆಗೆ ವಾಲಿದ್ದರು, ಕಾರ್ಟ್ ಇಡುವ ಅಡುಗೆ ಜಾಗ, ಗ್ಯಾಲಿ, ಅವರಿಂದ ಆಚೆ. ಕಾರ್ಟನ್ನು ಒಳಗೆ ಹಾಕುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಬ್ರೇಕ್ ಮೇಲೆ ಕಾಲಿಟ್ಟು ನಿಂತೆ. ಏಳು ಸಾಲು ದೂರದಲ್ಲಿ ಅಮ್ಮನ ಕೈ ಮಾತ್ರ ಕಾಣುತ್ತಿತ್ತು, ಎರಡು ಹಸಿರು ಬಳೆ. ಅವರು ಏನೋ ಗೊಣಗಿದರು. ಹುಡುಗಿಗೆ ತಿಳಿಯಲಿಲ್ಲ, ನನ್ನ ಕಡೆ ನೋಡಿದಳು. "ಏನು ಹೇಳ್ತಿದ್ದಾರೆ, ಜೋರಾಗಿ ಹೇಳು!" ಅಂತ ಆ ಹುಡುಗನಿಗೆ ಕೂಗಿದೆ. ಲೀಡ್ ಆದವಳು ಕ್ಯಾಬಿನ್‌ನಲ್ಲಿ ಕೂಗಬಾರದು, ಗೊತ್ತು.

"ಶುಗರ್ ಮಾತ್ರೆ ತಗೊಂಡಿದ್ದಾರಂತೆ, ಊಟ ಮಾಡ್ಲಿಲ್ಲವಂತೆ!"

ಶುಗರ್ ಇಳಿದಿತ್ತು, ಸಕ್ಕರೆ ಬೇಕಿತ್ತು. ಅದು ಇದ್ದದ್ದು ನನ್ನ ಕೈಕೆಳಗೆ, ಕಾರ್ಟಿನಲ್ಲಿ. ಇಷ್ಟು ಹೊತ್ತು ಅದನ್ನೇ ಹಿಡಿದುಕೊಂಡು ನಿಂತಿದ್ದೆ! ಮಾವಿನ ಜ್ಯೂಸ್ ತೆಗೆದು ಒಂಬತ್ತನೇ ಸಾಲಿಗೆ ಕೊಟ್ಟೆ. ತುಂಬಿದ ಬಸ್ಸಲ್ಲಿ ಕಂಡಕ್ಟರ್‌ಗೆ ಚಿಲ್ಲರೆ ದಾಟಿಸುವ ಹಾಗೆ ಕೈಯಿಂದ ಕೈಗೆ ಹೋಯಿತು. ಅಮ್ಮನಿಗೆ ಪ್ರಜ್ಞೆ ಇತ್ತು, ಗುಟುಕು ಗುಟುಕಾಗಿ ಕುಡಿದರು.

ಅಷ್ಟರಲ್ಲಿ ಸೀಟ್ ಬೆಲ್ಟ್ ಸೈನ್ ಬಂತು, ಹಿಂದೆಯೇ ಕಾಕ್‌ಪಿಟ್ ಕಾಲ್. ಕಾರ್ಟನ್ನು ಮುಂದಕ್ಕೆ ಎಳೆದುಕೊಂಡು ಹೋಗಿ ಹ್ಯಾಂಡ್‌ಸೆಟ್ ತೆಗೆದೆ. "ಕ್ಯಾಬಿನ್ ರೆಡಿ ಇಲ್ಲ ಕ್ಯಾಪ್ಟನ್." ಅವರು ಹೆಚ್ಚು ಕೇಳಲಿಲ್ಲ, ಒಂದು ಸುತ್ತು ಹಾಕಿದರು. ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಕಾರ್ಟ್ ಹೊರಗಿಟ್ಟುಕೊಂಡು ಇಳಿಯುವುದು ಯಾರಿಗೆ ಬೇಕು? ಅಮ್ಮ ನೆಟ್ಟಗೆ ಕೂತ ಮೇಲೆ ಕಾರ್ಟ್ ಗ್ಯಾಲಿ ಸೇರಿತು. ಹನ್ನೆರಡು ನಿಮಿಷ ಲೇಟ್.

ಮಾವನಿಗೆ ಹೇಳಿದ್ದು ಇಷ್ಟೇ. 50 ಸೀಟಿಗೆ ಒಬ್ಬರು ಅನ್ನುವ ಲೆಕ್ಕ ನಮ್ಮದು. 78 ಸೀಟಿಗೆ ಇಬ್ಬರು, 186 ಸೀಟಿನ ಎ320ಗೆ ನಾಲ್ವರು. ಅದು ಚಹಾ ಕೊಡುವವರ ಲೆಕ್ಕ ಅಲ್ಲ, ಬೆಂಕಿ ಬಿದ್ದರೆ ಬಾಗಿಲು ತೆರೆದು ಜನರನ್ನು ಇಳಿಸುವವರ ಲೆಕ್ಕ. ಅರ್ಧ ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕು ಅಂತ ಪರೀಕ್ಷೆ ಇದೆಯಲ್ಲ, ಅದಕ್ಕೆ. ಇಬ್ಬರನ್ನೂ ಒಂದೇ ಕಾರ್ಟಿಗೆ ಕಟ್ಟಿದರೆ ಕ್ಯಾಬಿನ್ ನೋಡುವವರು ಸೊನ್ನೆ. ಮೂರನೆಯವರನ್ನು ಹಾಕಿ ಅಂತ ರಿಪೋರ್ಟಿನಲ್ಲಿ ಬರೆದೆ. ಉತ್ತರ ಬರಲಿಲ್ಲ. ಲೇಟ್ ಯಾಕೆ, ಸೇಲ್ಸ್ ಯಾಕೆ ಕಡಿಮೆ ಅಂತ ಎರಡು ಮೇಲ್ ಬಂದವು.

ಈಗ ಎಟಿಆರ್ ಇದ್ದರೆ ಬೆಲ್ ಬಂದ ಕೂಡಲೇ ಒಬ್ಬರು ಹೋಗಿಯೇ ಹೋಗುತ್ತೇವೆ. ಗೋಡಂಬಿ ಕಾಯಲಿ.

ಆ ಸಂಜೆ ಇಳಿಯುವಾಗ ಬಾಗಿಲಲ್ಲಿ ಅಮ್ಮ ವೀಲ್‌ಚೇರ್‌ನಲ್ಲಿ ಕೂತು, ಪರ್ಸ್ ಬಿಚ್ಚಿ, "ಜ್ಯೂಸಿಗೆ ಎಷ್ಟಾಯ್ತು ಮಗಾ?" ಅಂದರು. "ಎಂತ ಬೇಡ ಅಮ್ಮಾ" ಅಂದೆ. ರಾತ್ರಿ ಸ್ಟಾಕ್ ಲೆಕ್ಕದಲ್ಲಿ ಒಂದು ಜ್ಯೂಸ್ ಕಡಿಮೆ ಬಂತು. ಕೈಯಿಂದ ಹಾಕಿದೆ.