ಕಾಯಿಲ್, ಪೀಜೋ ಮತ್ತು ಹತ್ತು ಗ್ರಾಂ ತೂಕ

12 ಫೆಬ್ರುವರಿ 2025, ಬುಧವಾರ

ಸಂಜೆಯೆಲ್ಲ ಒಂದೇ ಲೆಕ್ಕ. ಟ್ರಾನ್ಸಿಸ್ಟರ್ ಇಲ್ಲದೆ, ಹೊರಗಿನಿಂದ ಪವರ್ ಕೊಡದೆ, ಸಿಗ್ನಲ್ ಒಂದೇ ದಿಕ್ಕಿಗೆ ಹೋಗಬೇಕು. ಡಯೋಡ್ ಆಗದು, ಅದು ಅಲೆಯನ್ನೇ ಕತ್ತರಿಸಿಬಿಡುತ್ತದೆ. ರೆಸಿಸ್ಟರ್, ಕಾಯಿಲ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ಗಳನ್ನು ಹೇಗೇ ಜೋಡಿಸಿದರೂ ಸಿಗ್ನಲ್ ಹೋದಷ್ಟೇ ಸಲೀಸಾಗಿ ವಾಪಸ್ಸೂ ಬರುತ್ತದೆ. ಫಿಲಿಪ್ಸ್ ಪ್ರಯೋಗಾಲಯದ ಬರ್ನಾರ್ಡ್ ಟೆಲೆಗೆನ್ 1948ರಲ್ಲಿ ಈ ನಾಲ್ಕರ ಜೊತೆಗೆ ಐದನೆಯದಾಗಿ ಜೈರೇಟರನ್ನು ಸೇರಿಸಿದರು. ಅದರ ಒಂದು ಬದಿಯ ಕರೆಂಟು ಇನ್ನೊಂದು ಬದಿಯಲ್ಲಿ ವೋಲ್ಟೇಜ್ ಆಗುತ್ತದೆ; ಆಂಪಿಯರಿಗೆ ಎಷ್ಟು ವೋಲ್ಟ್ ಎಂಬುದೇ ಜೈರೇಟರಿನ ಓಮ್. ವಾಪಸ್ ದಾರಿಯಲ್ಲಿ ಪ್ಲಸ್ ಇದ್ದದ್ದು ಮೈನಸ್.

ಅದನ್ನು ಯಂತ್ರಭಾಗಗಳಿಂದ ಮಾಡಬಹುದೆಂಬ ದಾರಿ 1946ರಲ್ಲೇ ಎಡ್ವಿನ್ ಮೆಕ್‌ಮಿಲನ್ ಬರಹದಲ್ಲಿತ್ತು. (ಹೌದು, ನೆಪ್ಚೂನಿಯಂ ಕಂಡುಹಿಡಿದ ಇಬ್ಬರಲ್ಲಿ ಒಬ್ಬರು.) ಅಯಸ್ಕಾಂತದೊಳಗಿನ ಕಾಯಿಲ್‌ನಲ್ಲಿ ಬಲ ಹುಟ್ಟುವುದು ಕರೆಂಟಿನಿಂದ, ಪೀಜೋದಲ್ಲಿ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ ವಸ್ತು) ವೋಲ್ಟೇಜಿನಿಂದ. ಎರಡನ್ನೂ ಒಂದೇ ಕಡ್ಡಿಗೆ ಬಿಗಿದರೆ ಜೈರೇಟರ್ ಸಿದ್ಧ. ಎರಡೂ ಕಾಯಿಲ್ ಆದರೆ, ಅಥವಾ ಎರಡೂ ಪೀಜೋ ಆದರೆ, ಸಿಗುವುದು ಬರೀ ಟ್ರಾನ್ಸ್‌ಫಾರ್ಮರ್.

ನನಗೆ ಹಿಡಿಸಿದ್ದು ಮುಂದಿನ ಹೆಜ್ಜೆ. ಎರಡೂ ಬದಿಗೆ ಸಾಮಾನ್ಯವಾದ ತಂತಿಯಲ್ಲಿ, ಜೈರೇಟರಿನ ಓಮ್‌ನಷ್ಟೇ ಬೆಲೆಯ ಒಂದು ರೆಸಿಸ್ಟರ್ ಇಡಬೇಕು, ಅಷ್ಟೇ. ಹೊರಗಿನ ಲೋಡೂ ಅಷ್ಟೇ ಓಮ್ ಇದ್ದರೆ, ಮುಂದಕ್ಕೆ ಹೋಗುವಾಗ ಎರಡು ಕಡೆಯ ಕರೆಂಟುಗಳು ಆ ರೆಸಿಸ್ಟರಿನಲ್ಲಿ ಒಂದನ್ನೊಂದು ವಜಾ ಮಾಡಿಕೊಂಡು ಪವರ್ ಪೂರ್ತಿ ದಾಟುತ್ತದೆ. ಹಿಂದಿನಿಂದ ಬಂದದ್ದೆಲ್ಲ ಅದೇ ರೆಸಿಸ್ಟರಿನಲ್ಲಿ ಸುಟ್ಟುಹೋಗುತ್ತದೆ. ಕಾಯಿಲಿನ ಎರಡು ತಂತಿ ಅದಲುಬದಲು ಮಾಡಿ ನೋಡಿ: ಒಮ್ಮುಖದ ದಿಕ್ಕೇ ತಿರುಗಿಬಿಡುತ್ತದೆ! ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಕಾಗದದ ಮೇಲೆ ಎಲ್ಲ ಸುಖವಾಗಿದೆ. ತೊಂದರೆ ಅಲುಗಾಡುವ ಭಾಗಗಳ ತೂಕದ್ದು. ಕಾಯಿಲ್ ಆಂಪಿಯರಿಗೆ 10 ನ್ಯೂಟನ್, ಪೀಜೋ ವೋಲ್ಟಿಗೆ 0.01 ನ್ಯೂಟನ್ ಬಲ ಕೊಡುತ್ತವೆ ಎಂದಿಟ್ಟುಕೊಂಡೆ. ಭಾಗಿಸಿದರೆ ಜೈರೇಟರ್ 1000 ಓಮ್. ಗುಣಿಸಿದರೆ 0.1. ಕಡ್ಡಿಯ ಅಲುಗಾಟಕ್ಕೆ ಬರುವ ತಡೆ (ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಎಷ್ಟು ನ್ಯೂಟನ್ ಎಂಬ ಲೆಕ್ಕ) ಈ 0.1ಕ್ಕಿಂತ ಬಹಳ ಕೆಳಗಿರಬೇಕು. ಆದರೆ 1000 ಹರ್ಟ್ಸ್‌ನಲ್ಲಿ ಬರೀ 10 ಗ್ರಾಂ ತೂಕವೇ 63ರಷ್ಟು ತಡೆಯುತ್ತದೆ! ಸ್ಪ್ರಿಂಗ್ ಹಾಕಿ ಅನುರಣನದಲ್ಲಿ, ಅಂದರೆ ಸ್ಪ್ರಿಂಗ್ ಮತ್ತು ತೂಕ ತಾವಾಗಿಯೇ ತೂಗುವ ಆವರ್ತನದಲ್ಲಿ, ಅದನ್ನು ಕಳೆಯಬಹುದು, ನಿಜ. ಆದರೆ ಆವರ್ತನ 0.8 ಹರ್ಟ್ಸ್ ಆಚೀಚೆ ಸರಿದರೆ ಸಾಕು, ಉಳಿದ ತಡೆ ಮತ್ತೆ 0.1 ಮುಟ್ಟುತ್ತದೆ. ಮಾತು, ಸಂಗೀತ ಕಳಿಸುವ ಆಸೆ ಅಲ್ಲಿಗೇ ಮುಗಿಯಿತು. ಒಂದೇ ಸ್ವರಕ್ಕೆ ಆದೀತು.

ಪೀಜೋದ ಕೆಪಾಸಿಟೆನ್ಸೂ ಇದೆ. 20 ನ್ಯಾನೊಫ್ಯಾರಡ್ ಅಂದರೆ, ಅದೇ 1000 ಹರ್ಟ್ಸ್‌ನಲ್ಲಿ ಅದನ್ನು ಕಳೆಯಲು ಸುಮಾರು 1.27 ಹೆನ್ರಿಯ ಇಂಡಕ್ಟರ್, ಅಂದರೆ ಇನ್ನೊಂದು ಕಾಯಿಲ್, ಬೇಕು. ಇಂಥ ದಪ್ಪ ಇಂಡಕ್ಟರನ್ನು ತಪ್ಪಿಸಲೆಂದೇ ಜನ ಆಪ್‌ಆಂಪ್ (ಪವರ್ ಬೇಡುವ ಆಂಪ್ಲಿಫೈಯರ್ ಚಿಪ್) ಜೈರೇಟರ್ ಕಟ್ಟುತ್ತಾರೆ ಎಂದು ನೆನೆದು ನಗು ಬಂತು.

ಮೈಕ್ರೋವೇವ್ ಅಲೆಗಳ ಜೊತೆ ಕೆಲಸ ಮಾಡುವವರಿಗೆ ಈ ಗೋಳಿಲ್ಲ. 1952ರಲ್ಲಿ ಬೆಲ್ ಲ್ಯಾಬ್ಸ್‌ನ ಹೋಗನ್ ಎಂಬವರು ಫೆರೈಟ್ ಎಂಬ ಕಾಂತೀಯ ವಸ್ತುವಿನಲ್ಲಿ ಅಲೆಯ ಧ್ರುವೀಕರಣವನ್ನೇ (ಅದು ಕಂಪಿಸುವ ದಿಕ್ಕನ್ನೇ) ತಿರುಗಿಸಿ ಜೈರೇಟರ್ ಮಾಡಿದರು. ಅಲ್ಲಿ ಅಲುಗಾಡುವ ಭಾಗವೇ ಇಲ್ಲ.

ನನ್ನ ಕಡ್ಡಿಯ ಕಾಯಿಲ್‌ಗೆ ಸುತ್ತು ಹೆಚ್ಚಿಸಿ ಪ್ರಯೋಜನವಿಲ್ಲ, ಬಲದ ಜೊತೆ ತೂಕವೂ ಏರುತ್ತದೆ. ತೆಳು ತಂತಿ ಸುತ್ತಿದರೆ ತಾಮ್ರದ ರೆಸಿಸ್ಟೆನ್ಸ್ ತಿನ್ನುತ್ತದೆ. ಮೊದಲು ಅಯಸ್ಕಾಂತದ ಗ್ಯಾಪ್ ಕಿರಿದು ಮಾಡಿ ಲೆಕ್ಕ ಹಾಕಬೇಕು, ಆಮೇಲೆ ಅಗಲದ ಪೀಜೋ ಪಟ್ಟಿ.